1,000 ಕಿ.ಮೀ., ಎಂಜಿನ್ ಇಲ್ಲದೆ: ಲೆಕ್ಕ ಎಲ್ಲಿ ಕೂಡಿಬರುತ್ತದೆ?

ಬಯಲುಸೀಮೆ:
ಎಂಜಿನ್ ಇಲ್ಲದೆ ಹಾರುವ ವಿಮಾನ, ಅಂದರೆ ಗ್ಲೈಡರ್ ವಿಷಯದಲ್ಲಿ ಒಂದು ಲೆಕ್ಕ ತಲೆಗೆ ಹತ್ತುತ್ತಿಲ್ಲ. ಒಳ್ಳೆಯ ಗ್ಲೈಡರ್‌ನ ಗ್ಲೈಡ್ ಅನುಪಾತ 40:1 ಅಂತಾರೆ. ಅಂದರೆ 1 ಕಿ.ಮೀ. ಎತ್ತರ ಖರ್ಚು ಮಾಡಿದರೆ 40 ಕಿ.ಮೀ. ದೂರ. ಹಾಗಿದ್ದರೆ 1,000 ಕಿ.ಮೀ. ಹಾರಲು 25 ಕಿ.ಮೀ. ಎತ್ತರ ಬೇಕು. ಅಷ್ಟನ್ನೂ ಗಾಳಿ ಪುಕ್ಕಟೆ ಕೊಡುತ್ತದೆಯೇ? ಇನ್ನೊಂದು ಅನುಮಾನ: ಒಂದು ಕಡೆ ಗಾಳಿ ಮೇಲೇರಿದರೆ ಇನ್ನೊಂದು ಕಡೆ ಅಷ್ಟೇ ಗಾಳಿ ಇಳಿಯಲೇಬೇಕು. ಜಮಾ ಖರ್ಚು ಸಮ ಆಗಿ ಕೈಯಲ್ಲಿ ಸೊನ್ನೆ ಉಳಿಯಬೇಕಲ್ಲ?

ಏರುಗಾಳಿ:
ಎರಡನೆಯ ಅನುಮಾನವೇ ಚೆನ್ನಾಗಿದೆ, ಅದರಿಂದಲೇ ಶುರು ಮಾಡೋಣ. ಏರಿದಷ್ಟು ಗಾಳಿ ಇಳಿಯುತ್ತದೆ, ನಿಜ. ಆದರೆ ಪೈಲಟ್ ಎರಡರಲ್ಲೂ ಸಮನಾಗಿ ಹೊತ್ತು ಕಳೆಯುವುದಿಲ್ಲ. ಏರುವ ಗಾಳಿ ಸಿಕ್ಕಿದಾಗ ಅಲ್ಲೇ ಸುತ್ತು ಹಾಕುತ್ತಾ ಐದು, ಎಂಟು ನಿಮಿಷ ನಿಲ್ಲುತ್ತಾನೆ. ಇಳಿಯುವ ಗಾಳಿಯಲ್ಲಿ ಮೂಗು ತಗ್ಗಿಸಿ ವೇಗ ಹೆಚ್ಚಿಸಿ ಅರ್ಧ ನಿಮಿಷದಲ್ಲಿ ದಾಟುತ್ತಾನೆ. ಜೊತೆಗೆ ಏರುವ ಗಾಳಿ ಕಿರಿದಾದ ಕಂಬದಲ್ಲಿ ಜೋರಾಗಿರುತ್ತದೆ, ಇಳಿಯುವ ಗಾಳಿ ಅಗಲಕ್ಕೆ ಹರಡಿಕೊಂಡು ಮೆಲ್ಲಗಿರುತ್ತದೆ. ಬಯಲಿನ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುವುದನ್ನು ಎಲ್ಲರೂ ನೋಡಿರುತ್ತೇವೆ. ಅದು ಮಾಡುತ್ತಿರುವುದೂ ಇಷ್ಟೇ.

ಗ್ಲೈಡರ್ ತನ್ನ ಸುತ್ತಲಿನ ಗಾಳಿಯೊಳಗೆ ಯಾವಾಗಲೂ ಇಳಿಯುತ್ತಲೇ ಇರುತ್ತದೆ, ಇದನ್ನು ಮರೆಯಬಾರದು. 40 ಡಿಗ್ರಿ ವಾಲಿ ಸುತ್ತುವಾಗ ಸೆಕೆಂಡಿಗೆ ಸುಮಾರು 1 ಮೀಟರ್ ಇಳಿಯುತ್ತದೆ ಅಂದುಕೊಳ್ಳಿ. ಗಾಳಿ ಸೆಕೆಂಡಿಗೆ 3 ಮೀಟರ್ ಏರುತ್ತಿದ್ದರೆ ನಿಮಗೆ ದಕ್ಕುವುದು 2 ಮೀಟರ್. ಹೋಲಿಕೆ ಬೇಕಿದ್ದರೆ: ಮೇಲೇರುವ ಎಸ್ಕಲೇಟರ್ ಮೇಲೆ ನಿಧಾನವಾಗಿ ಕೆಳಗೆ ನಡೆಯುವುದು.

ಕೈಲೆಕ್ಕ:
25 ಕಿ.ಮೀ. ಎತ್ತರ ಒಂದೇ ಸಲ ಬೇಕಿಲ್ಲ. ಕಂತುಕಂತಾಗಿ ಸಿಗುತ್ತದೆ. ವಾಸ್ತವದಲ್ಲಿ 25 ಸಾಲುವುದೂ ಇಲ್ಲ, ಏಕೆಂದರೆ 40:1 ಸಿಗುವುದು ಗಂಟೆಗೆ 100 ಕಿ.ಮೀ. ಸುಮಾರಿನ ಒಂದೇ ವೇಗದಲ್ಲಿ. ಆ ವೇಗದಲ್ಲಿ ಹೋದರೆ ಹೊತ್ತು ಮುಳುಗಿದರೂ 1,000 ಮುಗಿಯುವುದಿಲ್ಲ.

ಲೆಕ್ಕ ನೋಡಿ. 15 ಮೀಟರ್ ರೆಕ್ಕೆಯ ಸಾಧಾರಣ ಗ್ಲೈಡರ್, ಎಲ್‌ಎಸ್ 4 ಥರದ್ದು ಅಂದುಕೊಳ್ಳೋಣ. ಇಳಿಯುವ ದರ ಸುಮಾರಾಗಿ ಹೀಗೆ: ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 0.7 ಮೀ., 140ರಲ್ಲಿ 1.2, 160ರಲ್ಲಿ 1.7, 180ರಲ್ಲಿ 2.4. ಥರ್ಮಲ್‌ನಲ್ಲಿ (ಬಿಸಿಲಿಗೆ ಕಾದು ಮೇಲೇರುವ ಗಾಳಿಯ ಕಂಬದಲ್ಲಿ) ಸರಾಸರಿ ಏರಿಕೆ ಸೆಕೆಂಡಿಗೆ 2 ಮೀ. ಇದ್ದರೆ, ಏರುವ ಹೊತ್ತನ್ನೂ ಸೇರಿಸಿದ ಒಟ್ಟು ವೇಗ:

100ರಲ್ಲಿ ಹಾರಿದರೆ 74 ಕಿ.ಮೀ./ಗಂ.
140ರಲ್ಲಿ ಹಾರಿದರೆ 87.5
160ರಲ್ಲಿ ಹಾರಿದರೆ 86.5
180ರಲ್ಲಿ ಹಾರಿದರೆ 82

ಸೂತ್ರ ಸುಲಭ: ಹಾರುವ ವೇಗವನ್ನು ಏರಿಕೆಯಿಂದ ಗುಣಿಸಿ, ಏರಿಕೆ ಮತ್ತು ಇಳಿಕೆಯ ಮೊತ್ತದಿಂದ ಭಾಗಿಸಿ. 2 ಮೀ. ದಿನದಲ್ಲಿ 87.5 ಅಂದರೆ 1,000 ಕಿ.ಮೀ.ಗೆ ಹನ್ನೊಂದೂವರೆ ಗಂಟೆ. ಅಷ್ಟು ಹೊತ್ತು ಒಳ್ಳೆಯ ಥರ್ಮಲ್ ಇರುವುದು ಅಪರೂಪ. ಏರಿಕೆ 4 ಮೀ. ಆದರೆ? 170ರಲ್ಲಿ ಹಾರಿ (ಇಳಿಕೆ 2.0) ಒಟ್ಟು 113. ಒಂಬತ್ತು ಗಂಟೆಯೊಳಗೆ ಮುಗಿಯುತ್ತದೆ. ಅದಕ್ಕೇ ಗ್ಲೈಡ್ ಅನುಪಾತದ ಜಾಹೀರಾತು ನೋಡಿ ಮರುಳಾಗಬೇಡಿ ಅನ್ನುವುದು. ದೂರ ಕೊಡುವುದು ಏರಿಕೆಯ ದರ.

ಬಯಲುಸೀಮೆ:
140ಕ್ಕೂ 160ಕ್ಕೂ ಒಂದೇ ಕಿ.ಮೀ. ವ್ಯತ್ಯಾಸವೇ? ಹಾಗಿದ್ದರೆ ಯಾವ ವೇಗ ಅಂತ ಅಷ್ಟೊಂದು ತಲೆಕೆಡಿಸಿಕೊಳ್ಳುವುದು ಯಾಕೆ?

ಕೈಲೆಕ್ಕ:
ಮರ್ಮ ಅಲ್ಲೇ ಇದೆ. ಈ ಲೆಕ್ಕವನ್ನು ಪೈಲಟ್‌ಗಳ ಕೈಗೆ ಕೊಟ್ಟವರು ಪಾಲ್ ಮೆಕ್ರೆಡಿ, 1956ರ ವಿಶ್ವ ಚಾಂಪಿಯನ್. ಮುಂದೆ 1977ರಲ್ಲಿ ಮನುಷ್ಯನ ಕಾಲ್ಬಲದಿಂದ ಹಾರುವ ಗಾಸಮರ್ ಕಾಂಡರ್ ಮಾಡಿದವರೂ ಅವರೇ. ಅವರ ಉಪಾಯ: ವೇರಿಯೋಮೀಟರ್ (ಏರಿಕೆ, ಇಳಿಕೆಯ ದರ ತೋರಿಸುವ ಮಾಪಕ) ಸುತ್ತ ತಿರುಗುವ ಒಂದು ಉಂಗುರ. ಮುಂದಿನ ಥರ್ಮಲ್‌ನಲ್ಲಿ ಎಷ್ಟು ಏರಿಕೆ ಸಿಗುತ್ತದೆಂದು ಊಹಿಸಿ ಅಲ್ಲಿಗೆ ಬಾಣ ತಿರುಗಿಸಿದರೆ, ಎಷ್ಟು ವೇಗದಲ್ಲಿ ಹಾರಬೇಕೆಂದು ಉಂಗುರ ಹೇಳುತ್ತದೆ. ಈಗ ಉಂಗುರದ ಜಾಗಕ್ಕೆ ಫ್ಲೈಟ್ ಕಂಪ್ಯೂಟರ್ ಬಂದಿದೆ, ಹೆಸರು ಮಾತ್ರ ಅದೇ.

ವೇಗದ ರೇಖೆಯ ನೆತ್ತಿ ಚಪ್ಪಟೆ. ಹಾಗಾಗಿ ಹತ್ತು ಇಪ್ಪತ್ತು ಕಿ.ಮೀ. ಕಡಿಮೆ ಹಾರಿದರೆ ಒಟ್ಟು ವೇಗದಲ್ಲಿ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಆದರೆ ತಲುಪುವ ದೂರ ನೋಡಿ: 1,000 ಮೀ. ಎತ್ತರದಿಂದ 160ರಲ್ಲಿ ಹೋದರೆ 26 ಕಿ.ಮೀ., 140ರಲ್ಲಿ ಹೋದರೆ 32. ಆರು ಕಿ.ಮೀ. ಹೆಚ್ಚು ಆಯ್ಕೆ. ಆ ಆರರಲ್ಲಿ ಇನ್ನೆರಡು ಮೋಡ ಸಿಗಬಹುದು, ಸಿಕ್ಕ ಮೊದಲ ಬಡ ಥರ್ಮಲ್‌ನಲ್ಲಿ ಸುತ್ತುವ ದರಿದ್ರ ತಪ್ಪಬಹುದು. ನನ್ನ ಮಟ್ಟಿಗೆ ಮೆಕ್ರೆಡಿ ಸಂಖ್ಯೆಯನ್ನು (ಉಂಗುರದಲ್ಲಿ ಇಡುವ ಆ ಏರಿಕೆಯ ಅಂಕಿ) ಊಹೆಗಿಂತ ಕಡಿಮೆ ಇಡುವುದೇ ಸರಿ.

ಏರುಗಾಳಿ:
ಒಪ್ಪಿದೆ, ಆದರೆ ಹೆಚ್ಚಿನವರು ತಪ್ಪುವುದು ಊಹೆಯಲ್ಲಿ ಅಲ್ಲ, ಅಳತೆಯಲ್ಲಿ. ವೇರಿಯೋ ಮುಳ್ಳು 4ರಲ್ಲಿ ಇತ್ತು ಅಂತ ಮೆಕ್ರೆಡಿ 4 ಇಡುತ್ತಾರೆ. ಆ ಥರ್ಮಲ್‌ಗೆ ನುಗ್ಗಿದ ಕ್ಷಣದಿಂದ ಬಿಟ್ಟ ಕ್ಷಣದವರೆಗೆ ಗಡಿಯಾರ ನೋಡಿದರೆ 1,000 ಮೀ. ಏರಲು 400 ಸೆಕೆಂಡ್ ಹಿಡಿದಿರುತ್ತದೆ. ಅಂದರೆ 2.5. ನಡುಬಿಂದು ಹುಡುಕಲು ಹಾಕಿದ ಮೂರು ಹಾಳು ಸುತ್ತು, ಮೇಲ್ತುದಿಯಲ್ಲಿ ಸೊರಗಿದ ಏರಿಕೆಗೆ ಜೋತುಬಿದ್ದ ಎರಡು ನಿಮಿಷ, ಎಲ್ಲವೂ ಈ ಲೆಕ್ಕಕ್ಕೆ ಸೇರಬೇಕು.

ಮೇಲಿನ 160ರ ಉದಾಹರಣೆಯಲ್ಲೇ, ಪ್ರತಿ 1,000 ಮೀ.ಗೆ 588 ಸೆಕೆಂಡ್ ಮುಂದೆ ಹಾರುತ್ತೀರಿ, 500 ಸೆಕೆಂಡ್ ಸುತ್ತುತ್ತೀರಿ. ದಿನದ ಶೇ. 46 ಭಾಗ ನಿಂತಲ್ಲೇ ಸುತ್ತು! ಉಳಿತಾಯ ಮಾಡಬೇಕಾದದ್ದು ಇಲ್ಲಿ.

ಬಯಲುಸೀಮೆ:
ಹಾಗಾದರೆ ನಡುಬಿಂದು ಹುಡುಕುವ ಬಗೆ ಬಿಡಿಸಿ ಹೇಳಿ. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ.

ಏರುಗಾಳಿ:
ಮೊದಲು ಸುತ್ತಿನ ಗಾತ್ರ. ಗಂಟೆಗೆ 90 ಕಿ.ಮೀ. ವೇಗದಲ್ಲಿ 30 ಡಿಗ್ರಿ ವಾಲಿದರೆ ಸುತ್ತಿನ ತ್ರಿಜ್ಯ 110 ಮೀ., ಒಂದು ಸುತ್ತಿಗೆ 28 ಸೆಕೆಂಡ್. 40 ಡಿಗ್ರಿಗೆ 76 ಮೀ., 19 ಸೆಕೆಂಡ್. 45ಕ್ಕೆ 64 ಮೀ., 16 ಸೆಕೆಂಡ್. ಹೊಸಬರು 20 ಡಿಗ್ರಿಯಲ್ಲಿ ಅಗಲಕ್ಕೆ ಸುತ್ತಿ, ಕಂಬದ ಅಂಚಿನಲ್ಲೇ ಪ್ರದಕ್ಷಿಣೆ ಹಾಕಿ, ಗರ್ಭಗುಡಿಗೆ ಹೋಗುವುದೇ ಇಲ್ಲ. ಹಾಗಂತ ವಾಲಿಕೆ ಹೆಚ್ಚಿಸಿ ವೇಗ ಹೆಚ್ಚಿಸದಿದ್ದರೆ ಸ್ಟಾಲ್, ಅಂದರೆ ರೆಕ್ಕೆ ಎತ್ತುಬಲ ಕಳೆದುಕೊಳ್ಳುತ್ತದೆ. 45 ಡಿಗ್ರಿಯಲ್ಲಿ ಸ್ಟಾಲ್ ವೇಗ ಶೇ. 19ರಷ್ಟು ಮೇಲೇರುತ್ತದೆ, ನೇರ ಹಾರಾಟದಲ್ಲಿ 70 ಇದ್ದದ್ದು 83 ಆಗುತ್ತದೆ.

ಇನ್ನು ನಡುಬಿಂದು. ಜರ್ಮನಿಯ ಗ್ಲೈಡರ್ ಚಾಂಪಿಯನ್ ಹೆಲ್ಮುಟ್ ರೈಷ್‌ಮನ್ ಹೇಳಿಕೊಟ್ಟ ಕ್ರಮ ಈಗಲೂ ಎಲ್ಲರಿಗೂ ಪಾಠ: ಏರಿಕೆ ಹೆಚ್ಚುತ್ತಿದ್ದರೆ ವಾಲಿಕೆ ಸಡಿಲಿಸಿ, ಏರಿಕೆ ಇಳಿಯುತ್ತಿದ್ದರೆ ವಾಲಿಕೆ ಬಿಗಿ ಮಾಡಿ, ಒಂದೇ ಸಮ ಇದ್ದರೆ ಕೈ ಹಚ್ಚಬೇಡಿ. ಸುತ್ತು ತಾನಾಗಿ ಬಲವಾದ ಕಡೆಗೆ ಜರುಗುತ್ತದೆ.

ಇದರಲ್ಲೊಂದು ಗುಂಡಿ ಇದೆ. ವೇರಿಯೋ ಎರಡು ಮೂರು ಸೆಕೆಂಡ್ ತಡವಾಗಿ ಹೇಳುತ್ತದೆ. 19 ಸೆಕೆಂಡಿನ ಸುತ್ತಿನಲ್ಲಿ 3 ಸೆಕೆಂಡ್ ಅಂದರೆ 57 ಡಿಗ್ರಿ. ಮುಳ್ಳು ತುತ್ತತುದಿ ಮುಟ್ಟಿದಾಗ ಒಳ್ಳೆಯ ಜಾಗ ಆಗಲೇ ಬೆನ್ನ ಹಿಂದೆ ಹೋಗಿರುತ್ತದೆ. ಆಗ ರೆಕ್ಕೆ ಸಮ ಮಾಡಿದರೆ ನೀವು ಹೋಗುವುದು ಥರ್ಮಲ್‌ನಿಂದ ಆಚೆಗೆ. ಆದ್ದರಿಂದ ಕಣ್ಣು ಹೊರಗೆ, ಕಿವಿ ವೇರಿಯೋದ ಬೀಪ್ ಕಡೆಗೆ, ಮೊದಲ ಸುಳಿವು ಕುಂಡಿಗೆ. ಸೀಟು ಮೇಲೊತ್ತಿದ ಕ್ಷಣದಲ್ಲಿ ದಿಗಂತದಲ್ಲಿ ಎದುರಿಗೆ ಏನಿತ್ತು, ಯಾವ ಕೆರೆ, ಯಾವ ಗುಡ್ಡ, ಅದನ್ನು ನೆನಪಿಡಬೇಕು. ಮುಂದಿನ ಸುತ್ತಿನಲ್ಲಿ ಆ ಗುರುತಿನ ಕಡೆಗೆ ಸುತ್ತನ್ನು ಜರುಗಿಸಬೇಕು.

ಗುಡ್ಡದಂಚು:
ಥರ್ಮಲ್ ಎಲ್ಲಿರುತ್ತದೆ ಅನ್ನುವುದಕ್ಕೂ ಸುಳಿವುಗಳಿವೆ. ಕೆಳಮಟ್ಟದಲ್ಲಿ ನೆಲ ನೋಡಿ: ಉಳುಮೆಯಾದ ಒಣ ಹೊಲ, ಬಂಡೆ, ಊರು, ಇವು ಬೇಗ ಕಾಯುತ್ತವೆ. ಕಾದ ಗಾಳಿ ನೆಲಕ್ಕೆ ಅಂಟಿಕೊಂಡು ತೆವಳುತ್ತಾ ಕಾಡಿನ ಅಂಚೋ ಗುಡ್ಡದ ಏಣೋ ಸಿಕ್ಕಿದಲ್ಲಿ ಕಿತ್ತು ಏರುತ್ತದೆ. ಮೇಲ್ಮಟ್ಟದಲ್ಲಿ, ಅಂದರೆ ಮೋಡಕ್ಕೆ ಅರ್ಧ ದೂರ ಏರಿದ ಮೇಲೆ, ನೆಲ ಮರೆತು ಮೋಡ ನೋಡಿ. ಅಡಿ ಕಪ್ಪಗೆ, ಸಮತಟ್ಟಾಗಿ, ಅಂಚು ಗಟ್ಟಿಯಾಗಿದ್ದರೆ ಜೀವ ಇದೆ. ಅಂಚು ಹಿಂಜಿದ ಹತ್ತಿಯಾಗಿದ್ದರೆ ಅದರ ಕೆಳಗೆ ಈಗ ಇಳಿಗಾಳಿ. ಸಾಮಾನ್ಯ ಕ್ಯುಮುಲಸ್‌ನ (ಥರ್ಮಲ್ ತಲೆಯ ಮೇಲೆ ಕಟ್ಟುವ ಹತ್ತಿಗುಪ್ಪೆಯಂಥ ಮೋಡ) ಆಯುಸ್ಸು ಇಪ್ಪತ್ತು ಮೂವತ್ತು ನಿಮಿಷ. 15 ಕಿ.ಮೀ. ದೂರದ ಮೋಡಕ್ಕೆ 150ರಲ್ಲಿ ಹೋದರೂ ಆರು ನಿಮಿಷ ಬೇಕು. ಈಗ ಚೆಂದ ಕಾಣುವ ದೊಡ್ಡ ಮೋಡಕ್ಕಿಂತ ಈಗ ತಾನೇ ಮೊಳೆಯುತ್ತಿರುವ ಚೂರೇ ಉತ್ತಮ.

ಮೋಡದಡಿಯ ಎತ್ತರಕ್ಕೆ ಕೈಲೆಕ್ಕ: ನೆಲದ ತಾಪಮಾನದಲ್ಲಿ ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಮಾನ) ಕಳೆದು 125ರಿಂದ ಗುಣಿಸಿ. 36 ಡಿಗ್ರಿ, ಇಬ್ಬನಿ ಬಿಂದು 16 ಆದರೆ ನೆಲದಿಂದ 2,500 ಮೀ. ಚಿತ್ರದುರ್ಗದ ಕಡೆ ಬೇಸಿಗೆ ಮಧ್ಯಾಹ್ನದ ಅಂಕಿಗಳನ್ನು ಹಾಕಿ ನೋಡಿ, ಹದ್ದುಗಳು ಚುಕ್ಕಿಯಾಗುವಷ್ಟು ಮೇಲೆ ಯಾಕೆ ಹೋಗುತ್ತವೆಂದು ತಿಳಿಯುತ್ತದೆ.

ಬಯಲುಸೀಮೆ:
ಅಷ್ಟು ಒಳ್ಳೆಯ ಬಿಸಿಲು ನಮ್ಮಲ್ಲಿದ್ದರೆ, ಗ್ಲೈಡರ್‌ನ ದೂರದ ದಾಖಲೆಗಳೆಲ್ಲ ನಮೀಬಿಯಾ, ಅರ್ಜೆಂಟೀನಾದಲ್ಲೇ ಯಾಕೆ?

ಗುಡ್ಡದಂಚು:
ನಮ್ಮ ಕಡೆ ಹತ್ತಿರದ ಹೆಸರು ಪುಣೆಯ ಹಡಪ್ಸರ್‌ನ ಗ್ಲೈಡಿಂಗ್ ಕೇಂದ್ರ. ಬಿಸಿಲೊಂದೇ ಸಾಲದು. ಇಳಿಯಲು ಬಯಲು ಬೇಕು, ಖಾಲಿ ಆಕಾಶ ಬೇಕು, ಹಗಲು ಉದ್ದ ಇರಬೇಕು. ನಮೀಬಿಯಾದ ಬಿಟರ್‌ವಾಸರ್ ಒಂದು ಒಣಗಿದ ಜೇಡಿ ಬಯಲು, ಕಲಹಾರಿಯ ಅಂಚು. ಅಲ್ಲಿ ನವೆಂಬರ್‌ನಿಂದ ಜನವರಿಯವರೆಗೆ ಮೋಡದಡಿ ಸಮುದ್ರಮಟ್ಟದಿಂದ 4,000ದಿಂದ 5,000 ಮೀ. ಹೋಗುವ ದಿನಗಳಿವೆ. ಅಲ್ಲಿಂದ ಮೊದಲ ಸಲ 1,000 ಕಿ.ಮೀ. ಹಾರಿದವರು ಒಂದು ತಾಳೆಯಂಥ ಮರ ನೆಡುವ ಪದ್ಧತಿ ಇದೆ. ಮರುಭೂಮಿಯ ನಡುವೆ ಸಾಲುಮರಗಳೇ ಎದ್ದಿವೆ.

ಆದರೆ ಥರ್ಮಲ್ ಒಂದನ್ನೇ ನೆಚ್ಚಬೇಕಿಲ್ಲ. ಮೋಡಗಳು ಗಾಳಿಯ ದಿಕ್ಕಿಗೆ ಸಾಲುಗಟ್ಟಿದರೆ ಸುತ್ತದೆಯೇ ಆ ಸಾಲಿನಡಿ ನೇರ ಹೋಗಬಹುದು, ಏರಿಕೆಯಲ್ಲಿ ವೇಗ ತಗ್ಗಿಸಿ, ನಡುವಿನ ಇಳಿಗಾಳಿಯಲ್ಲಿ ಹೆಚ್ಚಿಸಿ. ಏರುಗಾಳಿ ಹೇಳಿದ ಶೇ. 46 ಆಗ ಶೇ. 15ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಹಾನ್ಸ್-ವರ್ನರ್ ಗ್ರೋಸ 1972ರ ಏಪ್ರಿಲ್ 25ರಂದು ಜರ್ಮನಿಯ ಲ್ಯೂಬೆಕ್‌ನಿಂದ ಫ್ರಾನ್ಸ್‌ನ ಬಿಯಾರಿಟ್ಸ್‌ವರೆಗೆ 1,460.8 ಕಿ.ಮೀ. ನೇರ ಹೋದದ್ದು ಬೆನ್ನಗಾಳಿ ಮತ್ತು ಥರ್ಮಲ್‌ಗಳ ಬಲದಿಂದ. ಗ್ಲೈಡರ್ ಎಎಸ್‌ಡಬ್ಲ್ಯು 12. ಅದಕ್ಕೆ ರೆಕ್ಕೆಯಲ್ಲಿ ಏರ್‌ಬ್ರೇಕೇ (ಇಳಿಯುವಾಗ ಗಾಳಿಗೆ ಅಡ್ಡ ಏಳುವ ಹಲಗೆ) ಇಲ್ಲ, ಇಳಿಯುವಾಗ ಬಾಲದಿಂದ ಪುಟ್ಟ ಪ್ಯಾರಾಚೂಟ್ ಬಿಚ್ಚಬೇಕು. ಅದು ಬಿಚ್ಚದಿದ್ದರೆ ಅಂಥ ಜಾರುವ ಯಂತ್ರವನ್ನು ಚಿಕ್ಕ ಹೊಲದಲ್ಲಿ ಇಳಿಸುವುದು ಹೇಗೆಂದು ಯೋಚಿಸಿದರೇ ಬೆವರು.

ಗುಡ್ಡಕ್ಕೆ ಎದುರು ಬಡಿದ ಗಾಳಿ ಮೇಲೇರುತ್ತದೆ. ಅಮೆರಿಕದ ಆಪಲೇಚಿಯನ್ ಸಾಲು ನೂರಾರು ಕಿ.ಮೀ. ಉದ್ದಕ್ಕೆ ಗೋಡೆಯ ಹಾಗಿದೆ. ಕಾರ್ಲ್ ಸ್ಟ್ರೀಡಿಕ್ 1977ರಲ್ಲಿ ಅದರ ನೆತ್ತಿ ಹಿಡಿದು ಹೋಗಿ ವಾಪಸ್ ಬಂದು 1,600 ಕಿ.ಮೀ. ದಾಟಿದರು. ಇಲ್ಲಿ ಎತ್ತರವೇ ಬೇಕಿಲ್ಲ, ಗುಡ್ಡದ ತಲೆಯ ಮಟ್ಟದಲ್ಲಿ ವೇಗವಾಗಿ ಓಡುವುದು. ನಿಯಮ ಎರಡು, ರಿಯಾಯಿತಿ ಇಲ್ಲ: ತಿರುಗುವುದು ಯಾವಾಗಲೂ ಗುಡ್ಡದಿಂದ ಆಚೆಗೆ, ಎದುರುಬದುರಾದಾಗ ಗುಡ್ಡ ಯಾರ ಬಲಕ್ಕಿದೆಯೋ ಅವರಿಗೆ ದಾರಿ.

ಮೂರನೆಯದು ಅಲೆ. ಬೆಟ್ಟಸಾಲು ದಾಟಿದ ಗಾಳಿ ಅದರ ಹಿಂಬದಿಯಲ್ಲಿ ಮೇಲೆ ಕೆಳಗೆ ಅಲೆಯಾಗುತ್ತದೆ, ಹೊಳೆಯಲ್ಲಿ ಮುಳುಗಿದ ಬಂಡೆಯ ಆಚೆ ನೀರು ಏಳುವಂತೆ. ಗಾಳಿ ಬೆಟ್ಟಸಾಲಿಗೆ ಹೆಚ್ಚು ಕಡಿಮೆ ಅಡ್ಡ ಬೀಸಬೇಕು, ಎತ್ತರಕ್ಕೆ ಹೋದಂತೆ ಜೋರಾಗಬೇಕು, ನಡುವೆ ಸ್ಥಿರವಾದ ಪದರ ಇರಬೇಕು. ಆಗ ಅಲೆ ನಿಂತಲ್ಲೇ ನಿಂತು ಏರಿಕೆ ಮಾತ್ರ ಗಂಟೆಗಟ್ಟಲೆ ಇರುತ್ತದೆ. ಅದರ ಗುರುತು ಬಾದಾಮಿಯಾಕಾರದ, ಜರುಗದ ಮೋಡ. ಕ್ಲಾಸ್ ಓಲ್ಮನ್ 2003ರ ಜನವರಿ 21ರಂದು ಅರ್ಜೆಂಟೀನಾದ ಚಾಪೆಲ್ಕೊದಿಂದ ಆಂಡಿಸ್ ಅಲೆಯಲ್ಲಿ 3,009 ಕಿ.ಮೀ. ಹಾರಿದರು. ಅದೇ ಪರ್ವತದ ಅಲೆಯಲ್ಲಿ 2018ರ ಸೆಪ್ಟೆಂಬರ್ 2ರಂದು ಪರ್ಲನ್ 2 ಗ್ಲೈಡರ್ 76,000 ಅಡಿ ದಾಟಿತು.

ಬಯಲುಸೀಮೆ:
ಓಲ್ಮನ್ ಹಾರಿಸಿದ್ದು ನಿಂಬಸ್ 4ಡಿಎಂ ಅಂತ ಇದೆ. ಅದರಲ್ಲಿ ಎಂಜಿನ್ ಇರುತ್ತದಲ್ಲ! ಮಧ್ಯದಲ್ಲಿ ಒಂದಷ್ಟು ಹೊತ್ತು ಚಾಲೂ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ?

ಸ್ಕ್ರೂಡ್ರೈವರ್:
ಪೆಟ್ಟಿಗೆಗೆ ಗೊತ್ತಾಗುತ್ತದೆ. ದಾಖಲೆಗೆ ಬೇಕಾದ ಮುದ್ರೆ ಹಾಕಿದ ಫ್ಲೈಟ್ ರೆಕಾರ್ಡರ್ ಕೆಲವು ಸೆಕೆಂಡಿಗೊಮ್ಮೆ ಜಿಪಿಎಸ್ ಸ್ಥಾನ, ಜಿಪಿಎಸ್ ಎತ್ತರ, ಒತ್ತಡದ ಎತ್ತರ ಬರೆಯುತ್ತದೆ. ಎಂಜಿನ್ ಇರುವ ಗ್ಲೈಡರ್ ಆದರೆ ಒಳಗಿನ ಮೈಕ್ರೊಫೋನ್‌ನಿಂದ ಶಬ್ದಮಟ್ಟವನ್ನೂ 000ದಿಂದ 999ರ ಅಂಕಿಯಲ್ಲಿ ಬರೆಯುತ್ತದೆ. ಸುತ್ತುವಾಗ ಆ ಅಂಕಿ ತಳದಲ್ಲಿರುತ್ತದೆ, ಎಂಜಿನ್ ಹೊಡೆದುಕೊಂಡರೆ ನೆತ್ತಿಗೆ ಹೋಗುತ್ತದೆ. ಕಿಟಕಿ ತೆರೆದು ವೇಗವಾಗಿ ಹಾರಿದಾಗ ನಡುಮಟ್ಟದ ಅಂಕಿ ಬರುವುದುಂಟು, ಆದರೆ ಆಗ ಏರಿಕೆ ಇರುವುದಿಲ್ಲ. ಫೈಲ್‌ನಲ್ಲಿ ಒಂದು ಅಕ್ಷರ ತಿದ್ದಿದರೂ ಡಿಜಿಟಲ್ ಸಹಿ ಹೊಂದುವುದಿಲ್ಲ.

ಅಲೆಯಲ್ಲಿ ಹಾರುವವರಿಗೆ ಒಂದು ಎಚ್ಚರಿಕೆ, ಗುಡ್ಡದಂಚು ಬಿಟ್ಟದ್ದು. ವೇಗಮಾಪಕದ ಕೆಂಪು ಗೆರೆಯನ್ನು ಎತ್ತರದಲ್ಲಿ ನಂಬಬೇಡಿ. ಗಾಳಿ ತೆಳುವಾದಂತೆ ಮಾಪಕ ಕಡಿಮೆ ತೋರಿಸುತ್ತದೆ. 6,000 ಮೀ.ನಲ್ಲಿ 200 ಅಂತ ತೋರಿಸುವಾಗ ನಿಜವೇಗ ಸುಮಾರು 272. ರೆಕ್ಕೆ, ಬಾಲ ಅದುರಿ ಕಿತ್ತುಬರುವ ಫ್ಲಟರ್‌ಗೆ ಈ ನಿಜವೇಗದ ಲೆಕ್ಕವೂ ಸೇರುತ್ತದೆ. ಎತ್ತರಕ್ಕೆ ತಕ್ಕ ಮಿತಿಯ ಪಟ್ಟಿ ಕಾಕ್‌ಪಿಟ್‌ನಲ್ಲೇ ಅಂಟಿಸಿರುತ್ತದೆ, ಅದನ್ನು ನೋಡಿ.

ಬಯಲುಸೀಮೆ:
ವೇರಿಯೋ ಮಾತು ಪದೇ ಪದೇ ಬರುತ್ತಿದೆ. ಅದು ಏರಿಕೆ ತೋರಿಸುವ ಮೀಟರ್ ಅಷ್ಟೇ ತಾನೇ? ಗ್ಲೈಡರ್ ನಡೆಸುವ ಕಡ್ಡಿ ಹಿಂದೆ ಎಳೆದರೂ ಗ್ಲೈಡರ್ ಏರುತ್ತದಲ್ಲ, ಅದು ಥರ್ಮಲ್ಲೋ ಕೈಯ ಕೆಲಸವೋ ಅಂತ ಹೇಗೆ ಗೊತ್ತು?

ಸ್ಕ್ರೂಡ್ರೈವರ್:
180ರಿಂದ 100ಕ್ಕೆ ವೇಗ ಇಳಿಸುತ್ತಾ ಮೂಗೆತ್ತಿದರೆ, ಎಳೆತದ ನಷ್ಟ ಬಿಟ್ಟು, 88 ಮೀ. ಏರುತ್ತೀರಿ. ಗಾಳಿಯ ಕೊಡುಗೆ ಅದರಲ್ಲಿ ಏನೂ ಇಲ್ಲ, ವೇಗವನ್ನು ಎತ್ತರವಾಗಿ ಚಿಲ್ಲರೆ ಮಾಡಿಕೊಂಡಿರಿ ಅಷ್ಟೇ. ಬರೀ ವೇರಿಯೋ ಇದನ್ನು ಭರ್ಜರಿ ಥರ್ಮಲ್ ಅಂತ ಕೂಗುತ್ತದೆ. ಇದನ್ನು ಸರಿಮಾಡಲು ಬಾಲದ ಮೇಲೆ ಒಂದು ಬಾಗಿದ ಕೊಳವೆ ಇರುತ್ತದೆ, ಪೆನ್ಸಿಲ್‌ಗಿಂತ ತೆಳು, ತುದಿಯ ಬಳಿ ಹಿಂಬದಿಗೆ ಸಣ್ಣ ರಂಧ್ರ. ವೇಗ ಹೆಚ್ಚಿದಷ್ಟೂ ಅಲ್ಲಿ ಹೀರಿಕೆ ಹೆಚ್ಚು. ವೇಗ ಇಳಿದಾಗ ಹೀರಿಕೆ ಇಳಿದು ಕೊಳವೆಯ ಒತ್ತಡ ಏರುತ್ತದೆ, ಎತ್ತರ ಏರಿದ್ದರಿಂದ ಒತ್ತಡ ಇಳಿಯುತ್ತದೆ, ಎರಡೂ ವಜಾ. ಉಳಿಯುವುದು ಗಾಳಿ ಕೊಟ್ಟದ್ದು ಮಾತ್ರ. ಹೆಸರು ಟೋಟಲ್ ಎನರ್ಜಿ ಪ್ರೋಬ್.

ಕೆಡುವುದು ಹೆಚ್ಚಾಗಿ ಈ ಕೊಳವೆಯಲ್ಲಲ್ಲ, ಅದರಿಂದ ಮುಂದಕ್ಕೆ ಬರುವ ಐದಾರು ಮೀಟರ್ ಪ್ಲಾಸ್ಟಿಕ್ ನಳಿಕೆಯಲ್ಲಿ. ಮಾಪಕದ ಹಿಂದಿನ ನಳಿಕೆ ವರ್ಷಗಳಲ್ಲಿ ಗಡುಸಾಗಿ, ಮೊಳೆಯಂಥ ತುದಿಯ ಮೇಲೆ ಕೂದಲೆಳೆ ಸೀಳು ಬಿಟ್ಟಿರುತ್ತದೆ. ಅಥವಾ ಪ್ರೋಬನ್ನು ಬಾಲದ ಗೂಡಿಗೆ ಪೂರ್ತಿ ಒತ್ತದೆ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಕೂತಿರುವುದಿಲ್ಲ. ಪರೀಕ್ಷೆ: 20 ಮಿ.ಲೀ. ಸಿರಿಂಜ್‌ಗೆ ಮೆತ್ತನೆಯ ರಬ್ಬರ್ ನಳಿಕೆ ಸಿಕ್ಕಿಸಿ, ಪ್ರೋಬ್‌ನ ರಂಧ್ರ ಮುಚ್ಚುವಂತೆ ತೊಡಿಸಿ, ಒಬ್ಬರು ಮಾಪಕ ನೋಡುತ್ತಿರುವಾಗ ಇನ್ನೊಬ್ಬರು ಬಹಳ ನಿಧಾನವಾಗಿ ಎಳೆಯಬೇಕು. ವೇರಿಯೋ ಏರಿಕೆ ತೋರಿಸುತ್ತದೆ. ಪಿಸ್ಟನ್ ಹಿಡಿದು ನಿಲ್ಲಿಸಿದಾಗ ಮುಳ್ಳು ಸೊನ್ನೆಗೆ ಬಂದು ಕೂತರೆ ಸರಿ. ಸೊನ್ನೆ ದಾಟಿ ಇಳಿಕೆ ತೋರಿಸುತ್ತಾ ಹೋದರೆ ಎಲ್ಲೋ ಗಾಳಿ ಒಳಬರುತ್ತಿದೆ. ಬಾಯಿಂದ ಊದುವುದು, ಹೀರುವುದು ಬೇಡವೇ ಬೇಡ, ಮಾಪಕದ ಒಳಗಿನ ಎಲೆ ಬಾಗಿ ಹೋಗುತ್ತದೆ.

ಮಳೆಯಲ್ಲಿ ನಿಂತ ಮರುದಿನ ಮುಳ್ಳು ಎಳೆದೆಳೆದು ನೆಗೆಯುತ್ತಿದ್ದರೆ ನಳಿಕೆಯಲ್ಲಿ ನೀರಿನ ಹನಿ ಇದೆ. ಮಾಪಕ ಬಿಚ್ಚಿ ಹಿಂದಿನಿಂದ ಒಣಗಿಸಬೇಕು.

ಇಷ್ಟೆಲ್ಲ ದುಬಾರಿ ಸಾಮಾನಿನ ನಡುವೆ ಅತ್ಯಂತ ನಂಬಿಕಸ್ಥ ಉಪಕರಣ ಪೈಲಟ್ ತಲೆಯ ಮೇಲಿನ ಕ್ಯಾನೊಪಿ ಗಾಜಿನ ಮೇಲೆ ಟೇಪ್‌ನಲ್ಲಿ ಅಂಟಿಸಿದ ಒಂದು ಗೇಣಿಗಿಂತ ಚಿಕ್ಕ ಉಣ್ಣೆ ದಾರ. ಅದು ನೇರ ಇದ್ದರೆ ಗ್ಲೈಡರ್ ಗಾಳಿಗೆ ನೇರ ಇದೆ. ದಾರ ಓರೆಯಾಗಿದ್ದರೆ ಎಳೆತ ಹೆಚ್ಚಿ, ಕಷ್ಟಪಟ್ಟು ಗಳಿಸಿದ ಎತ್ತರ ಸೋರುತ್ತದೆ.

ಕೈಲೆಕ್ಕ:
ಸೋರಿಕೆಯ ಮಾತು ಬಂತಲ್ಲ, ರೆಕ್ಕೆಯ ಮುಂಚೂಣಿಗೆ ಅಂಟುವ ಹುಳುಗಳನ್ನು ಮರೆಯಬಾರದು. ಮೈ ನುಣುಪಾಗಿದ್ದಷ್ಟು ದೂರ ಗಾಳಿ ಪದರಪದರವಾಗಿ ಹರಿಯುವಂತೆ ಆ ರೆಕ್ಕೆಯ ಆಕಾರ ಇದೆ. ಒಂದೊಂದು ಹುಳುವಿನ ಗುಡ್ಡೆಯೂ ಅದರ ಹಿಂದೆ ತ್ರಿಕೋನಾಕಾರದಲ್ಲಿ ಆ ಹರಿವನ್ನು ಕದಡುತ್ತದೆ. ಅದಕ್ಕೇ ಹಾರುತ್ತಿರುವಾಗಲೇ ದಾರದಲ್ಲಿ ರೆಕ್ಕೆತುದಿಯವರೆಗೆ ಓಡಿ ವಾಪಸ್ ಬರುವ ಒರೆಸುವ ಸಾಧನ ಇಟ್ಟುಕೊಳ್ಳುತ್ತಾರೆ. ಮಳೆ ಹನಿಯೂ ಅಷ್ಟೇ ಕೆಟ್ಟದ್ದು.

ಬಯಲುಸೀಮೆ:
ಎಂಟೊಂಬತ್ತು ಗಂಟೆ ಅಂದಿರಿ. ಕೇಳಲು ಸಂಕೋಚ, ಆದರೂ: ಮೂತ್ರ?

ಏರುಗಾಳಿ:
ಸಂಕೋಚ ಬೇಡ, ಇದು ಸುರಕ್ಷತೆಯ ಪ್ರಶ್ನೆ. ಈ ತೊಂದರೆಗೆ ಹೆದರಿ ನೀರು ಕುಡಿಯದವರ ತೀರ್ಮಾನ ನಾಲ್ಕನೆಯ ಗಂಟೆಯಲ್ಲಿ ಮಂಕಾಗುತ್ತದೆ. ಮೂರು ಲೀಟರ್ ನೀರು ಹೀರುಕೊಳವೆಯ ಚೀಲದಲ್ಲಿ, ಕೈಗೆಟಕುವಂತೆ. ಹೊರಹಾಕಲು ಗಂಡಸರಿಗೆ ಬಾಹ್ಯ ಕ್ಯಾತಿಟರ್, ಅದರಿಂದ ಚಕ್ರದ ಗೂಡಿನ ಮೂಲಕ ಹೊರಗೆ ಹೋಗುವ ನಳಿಕೆ. ಹೆಂಗಸರಿಗೆ ಹೀರುವ ಪ್ಯಾಡ್. ಗಟ್ಟಿಯಾಗುವ ಪುಡಿ ಹಾಕಿದ ಮುಚ್ಚುವ ಚೀಲ ಇಬ್ಬರಿಗೂ ಆಗುತ್ತದೆ. ನಳಿಕೆಯ ಹೊರತುದಿ ಗ್ಲೈಡರ್‌ನ ಮೈಗೆ ತಾಗುವಂತಿದ್ದರೆ ಲೋಹದ ಕೀಲುಗಳು ತುಕ್ಕು ಹಿಡಿಯುತ್ತವೆ, ಸ್ವಲ್ಪ ಚಾಚಿರಲಿ.

4,000 ಮೀ. ಮೋಡದಡಿ ಇರುವ ಕಡೆ ಆಮ್ಲಜನಕವೂ ಬೇಕು. ಕೊರತೆ ಬಿದ್ದರೆ ಕೂಡುಕಳೆಯುವ ಲೆಕ್ಕವೂ ಕೆಡುತ್ತದೆ, ಆದರೆ ಪೈಲಟ್‌ಗೆ ತಾನು ಬಹಳ ಚೆನ್ನಾಗಿದ್ದೇನೆ ಅನ್ನಿಸುತ್ತಿರುತ್ತದೆ.

ಬಯಲುಸೀಮೆ:
ಕೊನೆಗೆ ಮನೆಗೆ ತಲುಪುತ್ತೇವೆಂದು ಯಾವಾಗ ಗೊತ್ತಾಗುತ್ತದೆ?

ಕೈಲೆಕ್ಕ:
ಫೈನಲ್ ಗ್ಲೈಡ್ ಲೆಕ್ಕ, ಅಂದರೆ ಮತ್ತೆ ಏರದೆ ಮನೆವರೆಗೆ ಜಾರಿ ಹೋಗುವ ಲೆಕ್ಕ. ಮನೆ 40 ಕಿ.ಮೀ., 140ರಲ್ಲಿ ಹಾರುತ್ತೀರಿ, ಅನುಪಾತ 32:1. ಎದುರುಗಾಳಿ 20 ಇದ್ದರೆ ನೆಲದ ಮೇಲಿನ ವೇಗ 120, ಅನುಪಾತ ಸುಮಾರು 27. ಬೇಕಾದ ಎತ್ತರ 1,460 ಮೀ. ಇದಕ್ಕೆ 300 ಮೀ. ಭದ್ರತೆ ಸೇರಿಸಿ 1,760. ಅದೇ 20 ಬೆನ್ನಗಾಳಿಯಾದರೆ ಒಟ್ಟು 1,400 ಸಾಕು. ಗಾಳಿಯ ದಿಕ್ಕು ತಿರುವುಮುರುವಾದರೆ 360 ಮೀ. ವ್ಯತ್ಯಾಸ. ದಾರಿಯಲ್ಲಿ ಪ್ರತಿ 10 ಕಿ.ಮೀ.ಗೆ ಈ ಲೆಕ್ಕವನ್ನು ಮತ್ತೆ ಮಾಡಬೇಕು. ಭದ್ರತೆಯ 300 ಕರಗುತ್ತಿದ್ದರೆ ಕಂಪ್ಯೂಟರ್ ಏನೇ ಹೇಳಲಿ, ಮೊದಲ ಒಳ್ಳೆಯ ಏರಿಕೆಯಲ್ಲಿ ನಿಂತು ಸುತ್ತಿ.

ಹೊಲದ ಬದು:
ಅದು ಸಿಗದಿದ್ದರೆ ನನ್ನ ಪಾಳಿ. ನೆಲದಿಂದ 600 ಮೀ.ಗೆ ಬಂದಾಗ ಇಳಿಯಬಹುದಾದ ಪ್ರದೇಶದ ಮೇಲಿರಬೇಕು. 450ಕ್ಕೆ ಒಂದು ಹೊಲ ನಿಗದಿಯಾಗಬೇಕು. 300ಕ್ಕೆ ಇಳಿಯುವ ಸುತ್ತು ಶುರು. ಆಮೇಲೆ ಥರ್ಮಲ್ ಸಿಕ್ಕಿದರೂ ಮುಟ್ಟುವ ಹಾಗಿಲ್ಲ. ಕೆಳಮಟ್ಟದಲ್ಲಿ ಬಡ ಥರ್ಮಲ್‌ಗೆ ಜೋತುಬಿದ್ದು, ನಿಧಾನವಾಗಿ, ದಾರ ಓರೆಯಾಗಿ ಸುತ್ತುತ್ತಾ ಸ್ಪಿನ್ ಆಗುವುದು (ಎತ್ತುಬಲ ತಪ್ಪಿ ಗಿರಗಿರ ತಿರುಗಿ ಬೀಳುವುದು) ಈ ಆಟದ ಹಳೆಯ ಕೊಲೆಗಾರ. 200 ಮೀ.ನಲ್ಲಿ ಸ್ಪಿನ್ ಬಿಡಿಸಲು ಜಾಗ ಇಲ್ಲ.

ಹೊಲದಲ್ಲಿ ನೋಡಬೇಕಾದದ್ದು ಗಾಳಿ, ಉದ್ದ, ಇಳಿಜಾರು, ಮೇಲ್ಮೈ, ಸುತ್ತಲಿನ ಅಡ್ಡಿ, ದನಕರು. ಮೇಲಿನಿಂದ ಇಳಿಜಾರು ಕಾಣುವುದಿಲ್ಲ. ಕಂಡಿತೆಂದರೆ ಅದು ಕಡಿದಾಗಿದೆ ಎಂದೇ ಅರ್ಥ. ಹಾಗಿದ್ದಲ್ಲಿ ಬೆನ್ನಗಾಳಿ ಇದ್ದರೂ ಏರುಮುಖವಾಗಿಯೇ ಇಳಿಯಬೇಕು. ತಂತಿ ಕಣ್ಣಿಗೆ ಬೀಳುವುದಿಲ್ಲ, ಕಂಬ ಹುಡುಕಿ; ಕಂಬವೂ ಕಾಣದಿದ್ದರೆ ಮನೆ, ಪಂಪ್‌ಸೆಟ್ ನೋಡಿ, ಅವಕ್ಕೆ ಎಲ್ಲಿಂದಲೋ ತಂತಿ ಬಂದಿರಲೇಬೇಕು. ಎತ್ತರದ ಬೆಳೆಯಲ್ಲಿ ಇಳಿದರೆ ಮೊದಲು ತಾಗಿದ ರೆಕ್ಕೆತುದಿ ಸಿಕ್ಕಿಕೊಂಡು ಇಡೀ ಗ್ಲೈಡರ್ ಗಿರಕಿ ಹೊಡೆಯುತ್ತದೆ, ಬಾಲ ಮುರಿಯುತ್ತದೆ. ಕೊಯ್ಲಾದ ಕೂಳೆ ಹೊಲ ಸಿಕ್ಕರೆ ಅದೃಷ್ಟ.

ನಿಂತ ಮೇಲೆ ಬಿಚ್ಚಿ ಟ್ರೇಲರ್‌ಗೆ ಹಾಕಿ ತರುವುದು. ಮರುದಿನ ಮತ್ತೆ ಜೋಡಿಸುವಾಗ, ಹಳೆಯ ಮಾದರಿಗಳಲ್ಲಿ ಐಲರಾನ್ (ಗ್ಲೈಡರನ್ನು ವಾಲಿಸುವ, ರೆಕ್ಕೆಯ ಹಿಂದಂಚಿನ ಹಲಗೆ), ಏರ್‌ಬ್ರೇಕ್ ಕೀಲುಗಳನ್ನು ಕೈಯಿಂದಲೇ ಸಿಕ್ಕಿಸಬೇಕು. ಅರ್ಧ ಸಿಕ್ಕಿಕೊಂಡ ಕೀಲು ನೆಲದಲ್ಲಿ ಸರಿಯಾಗಿಯೇ ಆಡುತ್ತದೆ. ಒಬ್ಬರು ಹೊರಗೆ ಐಲರಾನನ್ನು ಅಂಗೈಯಲ್ಲಿ ತಡೆದು ಹಿಡಿದು, ಒಳಗಿನವರು ಕಡ್ಡಿಯನ್ನು ಬಲವಾಗಿ ತಳ್ಳಿ ನೋಡದೆ ಹಾರುವಂತಿಲ್ಲ.

ಬಯಲುಸೀಮೆ:
ಒಂದು ಕೊನೆಯ ಗೊಂದಲ. ಏರಿಕೆಯೇ ಮುಖ್ಯ ಅಂದಮೇಲೆ ಹಗುರ ಇದ್ದಷ್ಟೂ ಒಳ್ಳೆಯದು. ಮತ್ತೆ ರೆಕ್ಕೆಯಲ್ಲಿ ನೂರಾರು ಲೀಟರ್ ನೀರು ತುಂಬಿಕೊಂಡು ಹೋಗುವುದು ಯಾಕೆ?

ಕೈಲೆಕ್ಕ:
350 ಕೆ.ಜಿ. ಗ್ಲೈಡರ್‌ಗೆ 150 ಲೀಟರ್ ತುಂಬಿ 500 ಮಾಡಿದಿರಿ ಅನ್ನಿ. ಅದೇ 40:1 ಅನುಪಾತ ಈಗ 100ರ ಬದಲು 120ರಲ್ಲಿ ಸಿಗುತ್ತದೆ. ಇಡೀ ವೇಗದ ಪಟ್ಟಿ ಶೇ. 20ರಷ್ಟು ಮುಂದಕ್ಕೆ ಜಾರಿತು. ಬೆಲೆ: ಇಳಿಕೆಯ ದರವೂ ಶೇ. 20 ಹೆಚ್ಚು, ಅದೇ ವಾಲಿಕೆಯಲ್ಲಿ ಸುತ್ತಿನ ತ್ರಿಜ್ಯ ಶೇ. 43 ಹೆಚ್ಚು. ಥರ್ಮಲ್ ಅಗಲವಾಗಿ ಜೋರಾಗಿದ್ದರೆ ಲಾಭ, ಕಿರಿದಾಗಿ ಬಡವಾಗಿದ್ದರೆ ನಷ್ಟ. ಸಂಜೆ ಏರಿಕೆ ಸೊರಗಿದಾಗ ಚೆಲ್ಲಿಬಿಡಬಹುದು ಅನ್ನುವುದೇ ನೀರಿನ ಗುಣ. ಸೀಸಕ್ಕೆ ಅದಿಲ್ಲ.

ಸ್ಕ್ರೂಡ್ರೈವರ್:
ಚೆಲ್ಲುವುದರಲ್ಲೂ ಕ್ರಮ ಇದೆ. ರೆಕ್ಕೆಯ ನೀರಿನಿಂದ ಮೂಗು ಭಾರವಾಗದಿರಲೆಂದು ಬಾಲದ ನಿಲುರೆಕ್ಕೆಯಲ್ಲೂ ಕೆಲವು ಲೀಟರ್ ತುಂಬುತ್ತಾರೆ. ರೆಕ್ಕೆ ಖಾಲಿಯಾಗಿ ಬಾಲದ್ದು ಉಳಿದರೆ ಭಾರಕೇಂದ್ರ ಹಿಂದಕ್ಕೆ ಹೋಗಿ ಗ್ಲೈಡರ್ ಸ್ಪಿನ್‌ಗೆ ಹಾತೊರೆಯುತ್ತದೆ. ಆದ್ದರಿಂದ ಬಾಲದ ಕವಾಟ ಮೊದಲು ಅಥವಾ ಜೊತೆಗೇ ತೆರೆಯಬೇಕು. ಎತ್ತರದಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಬಹಳ ಹೊತ್ತು ಇದ್ದರೆ ಮೊದಲು ಹೆಪ್ಪುಗಟ್ಟುವುದು ಆ ಪುಟ್ಟ ಬಾಲದ ತೊಟ್ಟಿಯ ಕವಾಟವೇ. ಅನುಮಾನ ಇದ್ದರೆ ರೆಕ್ಕೆಯ ನೀರನ್ನೂ ಹಿಡಿದಿಟ್ಟುಕೊಂಡು, ಬೆಚ್ಚಗಿನ ಎತ್ತರಕ್ಕೆ ಇಳಿದ ಮೇಲೆ ತೆರೆಯಿರಿ.

ಪೂರ್ತಿ ಖಾಲಿಯಾಗಲು ನಾಲ್ಕೈದು ನಿಮಿಷ ಬೇಕು, 140ರಲ್ಲಿ ಅಷ್ಟರಲ್ಲಿ ಹತ್ತು ಕಿ.ಮೀ. ಕಳೆದಿರುತ್ತದೆ. ರನ್‌ವೇ ಕಂಡ ಮೇಲೆ ಚೆಲ್ಲಲು ಶುರು ಮಾಡಿದರೆ ತಡ. ಸನ್ನೆ ಎಳೆದ ಮೇಲೆ ಎರಡೂ ಕಡೆ ತಿರುಗಿ ನೋಡಿ, ಎರಡು ರೆಕ್ಕೆಯ ಹಿಂದೆಯೂ ಬಿಳಿ ಗೆರೆ ಕಾಣಬೇಕು. ಒಂದೇ ಕಡೆ ಕಂಡರೆ ಕೂಡಲೇ ಮುಚ್ಚಿ. ಅರ್ಧ ತುಂಬಿದ ಎರಡು ರೆಕ್ಕೆಯೊಂದಿಗೆ ಮೆಲ್ಲಗೆ ಇಳಿಯಬಹುದು, ಒಂದೇ ರೆಕ್ಕೆ ತುಂಬಿದ್ದರೆ ವೇಗ ಇಳಿದ ಹಾಗೆ ಆ ರೆಕ್ಕೆ ಕಡ್ಡಿಯ ಮಾತು ಕೇಳದೆ ನೆಲಕ್ಕೆ ಬೀಳುತ್ತದೆ.